ಊರ ಶಾಲೆಗೆ ಕೊಡುವ ಮುನ್ನ

ಜೂನ್ ಬಂತೆಂದರೆ ಸರ್ಕಾರಿ ಶಾಲೆಗಳಲ್ಲಿ ನೋಟ್‌ಬುಕ್ ಹಂಚುವ ಸಡಗರ. ಈ ವಾರ ಒಂದು ಸಂಘ, ಮುಂದಿನ ವಾರ ಇನ್ನೊಂದು. ಬ್ಯಾನರು, ಫೋಟೊ, ಮಕ್ಕಳ ಕೈಗೆ ಚಾಕೊಲೇಟು. ಅತ್ತ ಕಂಪ್ಯೂಟರ್ ಕೋಣೆಯಲ್ಲಿ ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿರುತ್ತದೆ. ಬ್ಯಾಟರಿ, ನಲ್ಲಿ ರಿಪೇರಿ, ಶೌಚಾಲಯ ತೊಳೆಯುವವರ ಕೂಲಿ ಯಾವುದೂ ಫೋಟೊಗೆ ಸಿಗುವಂಥದ್ದಲ್ಲ, ದಾನಿಗಳೂ ಸಿಗುವುದಿಲ್ಲ.

ಹಾಗಾಗಿ ಮೊದಲು ಕೇಳಿ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಹೋದರೆ ಮುಖ್ಯಶಿಕ್ಷಕರಿಗೆ ಕೂತು ಮಾತನಾಡಲು ಪುರುಸೊತ್ತಿರುತ್ತದೆ. ಎಸ್‌ಡಿಎಂಸಿ ಅಧ್ಯಕ್ಷರನ್ನೂ ಕರೆಸಿಕೊಳ್ಳಿ. ಪೋಷಕರೇ ಹೆಚ್ಚಾಗಿರುವ ಈ ಸಮಿತಿ ಶಾಲೆಯ ಅಭಿವೃದ್ಧಿ ಯೋಜನೆ ಬರೆದಿಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಆ ಯೋಜನೆ ತೋರಿಸಿ ಎನ್ನಿ. ಏನು ಬೇಕೆಂಬ ಪಟ್ಟಿ ಅದರಲ್ಲೇ ಸಿಗಬೇಕು.

ಹಣವಾದರೆ ಎಸ್‌ಡಿಎಂಸಿ ಬ್ಯಾಂಕ್ ಖಾತೆಗೇ ಹಾಕಿ, ರಸೀದಿ ಪಡೆಯಿರಿ. ಮೇಷ್ಟರು ಎಷ್ಟೇ ಪ್ರಾಮಾಣಿಕರಿರಲಿ, ಅವರ ಸ್ವಂತ ಫೋನ್‌ಪೇಗೆ ಬೇಡ. ನಾಳೆ ಲೆಕ್ಕ ಕೇಳುವವರು ಹುಟ್ಟಿಕೊಂಡರೆ ತೊಂದರೆ ಅವರಿಗೇ. ಫ್ಯಾನು, ಬೆಂಚು ಕೊಟ್ಟರೆ ದಾಸ್ತಾನು ಪುಸ್ತಕಕ್ಕೆ ಏರಿಸುವವರೆಗೂ ನಿಂತು ನೋಡಿ. ಮುಖ್ಯಶಿಕ್ಷಕರು ವರ್ಗವಾಗಿ ಹೋದ ಮೇಲೆ ಆ ವಸ್ತುವಿಗೆ ಇರುವುದು ಆ ಪುಸ್ತಕದ ಸಾಕ್ಷಿ ಮಾತ್ರ. ದೂರದ ಊರಲ್ಲಿರುವವರಿಗೆ ಕೇಂದ್ರ ಸರ್ಕಾರ 2021ರಲ್ಲಿ ಹೊಸದಾಗಿ ತೆರೆದ ವಿದ್ಯಾಂಜಲಿ ಜಾಲತಾಣವಿದೆ: ಶಾಲೆ ತನಗೆ ಬೇಕಾದ ವಸ್ತು, ಸೇವೆಯನ್ನು ಅಲ್ಲಿ ಹಾಕುತ್ತದೆ, ನೀವು ಒಪ್ಪಿಕೊಳ್ಳಬಹುದು.

ತೆರಿಗೆ ವಿನಾಯಿತಿಯ ಆಸೆಯಿದ್ದರೆ 80ಜಿ ನೋಂದಣಿ ಇರುವ ಸಂಸ್ಥೆಯ ಮೂಲಕ ಕೊಡಿ. 2,000 ರೂಪಾಯಿ ಮೀರಿದ ನಗದು ಲೆಕ್ಕಕ್ಕೆ ಬಾರದು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ.

ಹಿರಿಯರ ನೆನಪಿಗೆ ದತ್ತಿನಿಧಿ ಇಡುವ ರೂಢಿ ಒಳ್ಳೆಯದೇ. ಆದರೆ ಲೆಕ್ಕ ಹಾಕಿ: ಹಿಂದೆಂದೋ ಇಟ್ಟ 5,000 ರೂಪಾಯಿ ಠೇವಣಿಗೆ ಶೇ 7ರ ಬಡ್ಡಿ ಹಿಡಿದರೂ ವರ್ಷಕ್ಕೆ 350 ರೂಪಾಯಿ. ಮೊದಲ ಸ್ಥಾನ ಪಡೆದ ಹುಡುಗಿಗೆ ಅದರಲ್ಲಿ ಒಂದು ಒಳ್ಳೆಯ ನಿಘಂಟು ಬಂದರೆ ಹೆಚ್ಚು. ಮನೆಯವರು ಆಗಾಗ ಅಸಲಿಗೆ ಸೇರಿಸುತ್ತಿರಬೇಕು.

ಕೊಡುವುದು ಸಣ್ಣದೆಂಬ ಸಂಕೋಚ ಬೇಡ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ನನ್ನ ಕೇಳಿದರೆ ಕಿತ್ತಳೆಯ ದುಡ್ಡಿಗಿಂತ, ಶಾಲೆಗಾಗಿ ಅವರು ಕಚೇರಿ ಕಚೇರಿ ಅಲೆದ ಅಲೆದಾಟವೇ ದೊಡ್ಡ ದಾನ.

ಇನ್ನು ಜಾಗ. ನಮ್ಮ ಎಷ್ಟೋ ಹಳೆಯ ಶಾಲೆಗಳು ನಿಂತಿರುವುದು ಯಾರೋ ಗೌಡರೋ ಶಾನುಭೋಗರೋ ಬಾಯಿಮಾತಿನಲ್ಲಿ ಕೊಟ್ಟ ನೆಲದ ಮೇಲೆ. ಸ್ಥಿರಾಸ್ತಿಯ ದಾನಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ದಾನಪತ್ರ ನೋಂದಣಿಯಾಗಬೇಕು; ಇಲ್ಲದಿದ್ದರೆ ಕಾನೂನಿನ ಕಣ್ಣಿಗೆ ಅದು ದಾನವೇ ಅಲ್ಲ. ಜಾಗಕ್ಕೆ ಬೆಲೆ ಬಂದಾಗ ಮೊಮ್ಮಕ್ಕಳು ಬೇಲಿ ಹಾಕಲು ಬರುತ್ತಾರೆ. ನಿಮ್ಮಜ್ಜ ಶಾಲೆಗೆ ಜಾಗ ಕೊಟ್ಟಿದ್ದರೆ, ಪಹಣಿಯಲ್ಲಿ ಇನ್ನೂ ಯಾರ ಹೆಸರಿದೆ ಎಂದು ಒಮ್ಮೆ ನೋಡಿಬಿಡಿ.