ಮೇಳಕ್ಕೆ ಒಯ್ಯುವ ಮರದ ಸಾಮಾನಿಗೆ ಯಾವ ಪಾಲಿಷ್?

ಮರುನಾಟಿಗೆಂದು ಕಿತ್ತ ಹಳೆಯ ಕಾಫಿ ಗಿಡದ ಬೊಡ್ಡೆಯನ್ನು ನಾವು ಬಹುಕಾಲ ಸೌದೆಗೇ ಹಾಕುತ್ತ ಬಂದವರು. ಅದರಿಂದಲೇ ಸೌಟು, ಬಟ್ಟಲು, ಆಟಿಕೆ ಮಾಡಿ ಕರಕುಶಲ ಮೇಳಗಳಿಗೆ ಒಯ್ಯುವವರೂ ನಮ್ಮಲ್ಲಿದ್ದಾರೆ. ಕೊಳ್ಳುವವರು ಮೊದಲು ನೋಡುವುದು ಹೊಳಪನ್ನು. ಆದರೆ ಮರುವರ್ಷ ಅವರು ನಮ್ಮನ್ನೇ ಹುಡುಕಿ ಬರಬೇಕಾದರೆ ಆ ಹೊಳಪು ಅವರ ಮನೆಯಲ್ಲಿ ಬಾಳಬೇಕು. ಆದ್ದರಿಂದ ಬಳಕೆ ನೋಡಿ ಲೇಪ ಆರಿಸುವುದು ಲೇಸು.

ಆಟಿಕೆ, ಕುಂಕುಮದ ಭರಣಿಗಳಿಗೆ ಅರಗು ಉತ್ತಮ. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅದು ಕರಗಿ ಹಿಡಿಯುತ್ತದೆ. ಬಳಿಕ ಕೇದಗೆಯ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಬಿಸಿಗೆ ಕರಗುವ ಅರಗು, ಬಿಸಿ ಕಾಫಿ ಲೋಟ ಇಡುವ ತಟ್ಟೆಗೆ ಮಾತ್ರ ಸಲ್ಲದು.

ಸೌಟು, ಬಟ್ಟಲುಗಳಿಗೆ ವಾರ್ನಿಷ್ ಬೇಡ. ತೊಳೆದು ತೊಳೆದು ಪೊರೆ ಎದ್ದು ಊಟಕ್ಕೆ ಸೇರೀತು. ತಿನ್ನಲು ಯೋಗ್ಯವಾದ ಶುದ್ಧ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿ, ಒಣಗಿದ ಮೇಲೆ ಮತ್ತೆ ಸವರಿ. ಕೊನೆಗೆ ಜೇನುಮೇಣ ತಿಕ್ಕಿ. ಒಣಗಲು ಬಹಳ ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಮೇಳಕ್ಕೆ ತಿಂಗಳ ಮುಂಚೆಯೇ ಕೆಲಸ ಹಿಡಿಯಿರಿ. ಬಣ್ಣದಂಗಡಿಯ ‘ಬೇಯಿಸಿದ’ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಬೆರೆಸುವುದುಂಟು. ಅಡುಗೆ ಸಾಮಾನಿಗೆ ಅದು ಬೇಡ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಗಟ್ಟಿಯಾಗಿ ಒಣಗುವುದಿಲ್ಲ. ಜಿಡ್ಡು ಉಳಿದು ಕ್ರಮೇಣ ಕಮಟು ವಾಸನೆ ಬರುತ್ತದೆ.

ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಬಟ್ಟೆ ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಕಾಫಿ ಚೀಲ, ಅಡಿಕೆ ಸಿಪ್ಪೆ ಇರುವ ಕೊಟ್ಟಿಗೆಯಲ್ಲಿ ಇದು ಸಣ್ಣ ಮಾತಲ್ಲ. ನೀರಿನಲ್ಲಿ ನೆನೆಸಿ, ಬಯಲಿನಲ್ಲಿ ಒಂದೊಂದಾಗಿ ಹರಡಿ ಒಣಗಿಸಿ.