ಕಾಯಕದ ಜೊತೆಗೆ ವ್ಯಾಯಾಮವೂ ಬೇಕು

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಗೆ ಧರ್ಮಕಾರ್ಯದ ನಿಮಿತ್ತ ನಾವು ಹೋಗಿದ್ದಾಗ, ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ತರುಣನೊಬ್ಬ ನಮಸ್ಕರಿಸಿ, 'ದಿನವೆಲ್ಲಾ ಯಂತ್ರದ ಮುಂದೆ ನಿಂತು ಮೈ ಮುರಿದು ದುಡಿಯುತ್ತೇವೆ ಬುದ್ಧಿ, ನಮಗೆ ಬೇರೆ ವ್ಯಾಯಾಮ ಯಾಕೆ?' ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ಸೋಮಾರಿತನವಿರಲಿಲ್ಲ, ದಣಿವಿತ್ತು.

ದುಡಿಮೆಯೇ ಬೇರೆ, ವ್ಯಾಯಾಮವೇ ಬೇರೆ. ಎಂಟು ಗಂಟೆ ಒಂದೆಡೆ ನಿಂತು ಒಂದೇ ಕೆಲಸ ಮಾಡುವವನ ತೋಳು ಸೋಲುತ್ತದೆ, ಉಳಿದ ಅಂಗಗಳು ಜಡವಾಗುತ್ತವೆ. ಕಾಲಿಗಿಳಿದ ರಕ್ತವನ್ನು ಮೇಲಕ್ಕೆ ತಳ್ಳಲು ಮೀನಖಂಡದ ಸ್ನಾಯುಗಳು ಆಡಬೇಕು. ಅವು ಆಡುವುದು ನಡೆದಾಗ. ನಿಂತೇ ಇದ್ದರೆ ಸಂಜೆಗೆ ಕಾಲು ಬಾತುಕೊಳ್ಳುತ್ತದೆ. ಇನ್ನು ಮನಸ್ಸಿನ ಗತಿಯೇನು? ಪಾಳಿ ಮುಗಿಸಿ ಬಂದವನು ಮೊಬೈಲು ಹಿಡಿದು ಮಲಗಿಬಿಟ್ಟರೆ ಅಂದು ಮನಸ್ಸಿಗೆ ಕೆಲಸವೇ ಸಿಕ್ಕಲಿಲ್ಲ. ಪರೀಕ್ಷೆಗೆ ಓದುವ ಮಕ್ಕಳದು ಇದಕ್ಕೆ ತದ್ವಿರುದ್ಧ. ಬುದ್ಧಿಗೆ ಬಿಡುವಿಲ್ಲ, ದೇಹಕ್ಕೆ ಬೆವರಿಲ್ಲ. ಜೋಡೆತ್ತಿನ ನೊಗಕ್ಕೆ ಒಂಟಿ ಎತ್ತು ಕಟ್ಟಿದರೆ ಗಾಡಿ ಎಷ್ಟು ದೂರ ಹೋದೀತು?

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1935ರಲ್ಲಿ ಓದಿನ ಹಂಬಲದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೊರಟರು. ಎಂಬತ್ತು ಕಿಲೋಮೀಟರಿಗೂ ಮಿಕ್ಕ ದಾರಿ, ಎರಡು ದಿನದ ನಡಿಗೆ. ಬಸ್ಸಿಗೆ ಕಾಸಿಲ್ಲದೆ ನಡೆದದ್ದು ನಿಜವೇ ಆದರೂ ಆ ಕಾಲುಗಳಿಗೆ ಕಸುವಿಲ್ಲದಿದ್ದರೆ ಹಂಬಲ ಊರಿನಲ್ಲೇ ಉಳಿಯುತ್ತಿತ್ತು. ಮುಂದೆ ಅವರು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಪವಾಡಗಳನ್ನು ಒಪ್ಪದಿದ್ದ ಅವರ ಹೆಸರು ಮಠದ ಅಂಕಣದಲ್ಲೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದವರು ಅವರು. ಅದು ಮನಸ್ಸಿನ ವ್ಯಾಯಾಮವಲ್ಲದೆ ಮತ್ತೇನು? ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರಂತೂ ತೊಂಬತ್ತು ದಾಟಿದ ಮೇಲೆ ಗಂಗಾನದಿಯ ಸೇತುವೆಗೆ ಸ್ಥಳ ಸೂಚಿಸಿಕೊಟ್ಟವರು.

ಶರಣರಲ್ಲಿ ಈ ಎಚ್ಚರ ಎಂಟು ಶತಮಾನಗಳ ಹಿಂದೆಯೇ ಇತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಮ್ಮೆ ಅವನು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತಿದೆ ಏಳು ಎಂದು ಎಬ್ಬಿಸಿದವಳು ಮಡದಿ ಲಕ್ಕಮ್ಮ. ಶಿವಚಿಂತನೆಯಲ್ಲಿದ್ದ ಗಂಡನನ್ನೇ ಅವಳು ಕೂರಗೊಡಲಿಲ್ಲ! ದಿನವೆಲ್ಲಾ ಬಾಗಿ ಎದ್ದು ದುಡಿದ ಅದೇ ಮಾರಯ್ಯ ಗೋಷ್ಠಿಯಲ್ಲಿ ವಚನಕಾರನೂ ಆಗಿದ್ದ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆಯನ್ನು ಹೇಳಿದೆ. ಐದು ದಿನ ಅರ್ಧ ಗಂಟೆ, ಅಷ್ಟೇ. ಖರ್ಚಿಲ್ಲ, ಉಪಕರಣ ಬೇಡ. ಅದರ ಜೊತೆಗೆ ನಾಲ್ಕು ಪುಟ ಓದಿ, ಓದಿದ್ದನ್ನು ಮನೆಯವರಿಗೆ ಹೇಳು ಎಂದು ಆ ತರುಣನಿಗೆ ಹೇಳಿದೆವು.

'ರಾತ್ರಿ ಪಾಳಿಯ ವಾರ ಏನು ಮಾಡಲಿ ಬುದ್ಧಿ?' ಎಂದ. ಮೊದಲು ಕಣ್ತುಂಬ ನಿದ್ದೆ ಮಾಡು, ಎದ್ದ ಮೇಲೆ ಸಂಜೆ ಬಿಸಿಲಿರುವಾಗಲೇ ಕೆರೆ ಏರಿಯ ಕಡೆ ಹೋಗಿ ಬಾ, ಮಗನನ್ನೂ ಕರೆದುಕೊಂಡು ಹೋಗು ಎಂದೆವು. ಮಗ ಹತ್ತನೇ ತರಗತಿಯಂತೆ, ಪುಸ್ತಕ ಬಿಟ್ಟು ಏಳುವುದೇ ಇಲ್ಲವಂತೆ.