ಎಲೆಯ ಸಣ್ಣ ಪೀಕನ್ನು ಯಾವಾಗ ನಂಬಬಹುದು?

ಹಲಸಿಯಿಂದ ಪಶ್ಚಿಮಕ್ಕೆ ಹೋದಂತೆ ಖಾನಾಪುರ ತಾಲ್ಲೂಕಿನ ಕಾಡು ದಟ್ಟವಾಗುತ್ತದೆ. ಈ ಪಶ್ಚಿಮಘಟ್ಟದ ಸಾಲಿನಲ್ಲಿ ಬೆಳೆಯುವ ದುರ್ವಾಸನೆ ಮರ (ಮರಾಠಿಯವರ ನರಕ್ಯಾ) ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕಕ್ಕಾಗಿ ಬಹಳವಾಗಿ ಕಡಿತಕ್ಕೊಳಗಾಗಿದೆ. ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಗಳಿಗೆ ಮೂಲ ಅದು. ಬೇರು, ತೊಗಟೆಯಲ್ಲಿ ಹೆಚ್ಚು, ಎಲೆಯಲ್ಲಿ ಕಡಿಮೆ. ಆದರೆ ಎಲೆ ಕೊಯ್ದರೆ ಮರ ಉಳಿಯುತ್ತದೆ. ಹಾಗಾಗಿ ಎಲೆಯಲ್ಲಿರುವ ಅಲ್ಪ ಪ್ರಮಾಣವನ್ನು ಸರಿಯಾಗಿ ಅಳೆಯುವುದು ಸಣ್ಣ ಕೆಲಸವಲ್ಲ. ಈ ಮರದ ಕ್ಯಾಂಪ್ಟೊಥೆಸಿನ್ ಅಳೆದ ಸಂಸ್ಥೆಗಳಲ್ಲಿ ಬೆಳಗಾವಿಯಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯೂ ಒಂದು.

ಈ ಅಳತೆಗೆ ಬಳಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಎಲೆಯ ಸಾರ ಕಾಲಂ ದಾಟಿ ಬಂದಾಗ ಪರದೆಯ ಮೇಲೆ ಪೀಕು ಏಳುತ್ತದೆ. ಏನೂ ಬರದಿದ್ದಾಗಲೂ ಪರದೆಯ ತಳಗೆರೆ (ಬೇಸ್‌ಲೈನ್) ಸುಮ್ಮನಿರುವುದಿಲ್ಲ: ಹಳತಾದ ದೀಪ, ಪಂಪಿನ ಮಿಡಿತ, ದ್ರಾವಕದಲ್ಲಿನ ಗಾಳಿಗುಳ್ಳೆ ಅದನ್ನು ನಡುಗಿಸುತ್ತವೆ. ಈ ನಡುಕವೇ ನಾಯ್ಸ್.

ಪೀಕು ನಾಯ್ಸಿಗಿಂತ ಎಷ್ಟು ಪಟ್ಟು ದೊಡ್ಡದು ಎಂಬ ಅನುಪಾತಕ್ಕೆ ಫಾರ್ಮಕೊಪಿಯಾಗಳ (ಔಷಧ ಗುಣಮಟ್ಟದ ಅಧಿಕೃತ ಗ್ರಂಥಗಳ) ಲೆಕ್ಕ ಸರಳ. ಪೀಕಿನ ತುದಿಯಿಂದ ಬೇಸ್‌ಲೈನಿನ ನಡುಮಟ್ಟದವರೆಗಿನ ಎತ್ತರವನ್ನು ಎರಡರಿಂದ ಗುಣಿಸಿ, ನಾಯ್ಸಿನ ಅತಿ ಮೇಲಿನ ಮತ್ತು ಅತಿ ಕೆಳಗಿನ ತುದಿಗಳ ಅಂತರದಿಂದ ಭಾಗಿಸಬೇಕು. ನಡುಕ ಎರಡೂ ಕಡೆಗಿರುವುದರಿಂದ ಪೀಕಿನ ಎತ್ತರವನ್ನು ಆ ಅಂತರದ ಅರ್ಧಕ್ಕೆ ಹೋಲಿಸುತ್ತೇವೆ. ಎರಡರ ಗುಣಾಕಾರ ಬಂದದ್ದು ಅದಕ್ಕೇ. ನಾಯ್ಸನ್ನು ಅಳೆಯುವುದು ಸಾರವಿಲ್ಲದ ಬ್ಲ್ಯಾಂಕ್ ಇಂಜೆಕ್ಷನ್ನಿನಲ್ಲಿ, ಆ ಪೀಕು ಬರಬೇಕಿದ್ದ ಜಾಗದ ಎರಡೂ ಬದಿಗೆ. ಅರ್ಧ ಎತ್ತರದಲ್ಲಿ ಪೀಕು ಎಷ್ಟು ಅಗಲವೋ ಅದರ ಕನಿಷ್ಠ 5 ಪಟ್ಟು ಉದ್ದ ನೋಡಬೇಕು. ನಿಧಾನವಾಗಿ ಏರುವ ಅಥವಾ ಇಳಿಯುವ ಬೇಸ್‌ಲೈನಿನ ಓರೆಯನ್ನು ನಾಯ್ಸಿಗೆ ಸೇರಿಸಬಾರದು. ಅನುಪಾತ 3 ಬಂದರೆ ವಸ್ತು ಇದೆ ಎನ್ನಬಹುದು, 10 ಬಂದರೆ ಪ್ರಮಾಣ ಹೇಳಬಹುದು.

ಪೀಕಿನ ಎತ್ತರ 12, ನಾಯ್ಸಿನ ಅಂತರ 2 ಎಂದಿಟ್ಟುಕೊಳ್ಳಿ. ಈ ಸೂತ್ರದಲ್ಲಿ ಉತ್ತರ 12. ಎರಡರಿಂದ ಗುಣಿಸದ ಸಾಫ್ಟ್‌ವೇರಿನಲ್ಲಿ 6. ನಾಯ್ಸಿನ ವರ್ಗಸರಾಸರಿ ಮೂಲ 0.4 ಇದ್ದು, ಎತ್ತರವನ್ನು ಅದರಿಂದ ಭಾಗಿಸುವ ಸಾಫ್ಟ್‌ವೇರಿನಲ್ಲಿ 30! ಪೀಕು ಅದೇ, ಎಲೆಯೂ ಅದೇ. ಆದ್ದರಿಂದ ಬರೀ ಅನುಪಾತ ಬರೆದು ಸೂತ್ರ ಬರೆಯದ ವರದಿಯನ್ನು ನಾನು ಒಪ್ಪುವುದಿಲ್ಲ. ಅದನ್ನು ಇನ್ನೊಂದು ಪ್ರಯೋಗಾಲಯದ ಅಂಕಿಯೊಂದಿಗೆ ಹೋಲಿಸಲಾಗದು.

ಅನುಪಾತ ಕಡಿಮೆ ಬಂದರೆ ಗೆರೆಯನ್ನು ನುಣುಪು ಮಾಡುವ ಫಿಲ್ಟರಿಗೆ ಕೈ ಹಾಕುವ ಆಸೆಯಾಗುತ್ತದೆ. ಅತಿಯಾದರೆ ಚೂಪು ಪೀಕು ಮೊಂಡಾಗಿ ಪಕ್ಕದ ಪೀಕಿಗೆ ಅಂಟಿಕೊಳ್ಳುತ್ತದೆ. ಮೊದಲು ದ್ರಾವಕದ ಗಾಳಿ ತೆಗೆಯಿರಿ, ದೀಪ ನೋಡಿ, ಸಾರವನ್ನು ಸ್ವಲ್ಪ ಗಟ್ಟಿ ಮಾಡಿ. ಕೊನೆಗೆ 10ರ ಅನುಪಾತ ಕೊಟ್ಟ ಸಾಂದ್ರತೆಯಲ್ಲೇ ಸ್ಟ್ಯಾಂಡರ್ಡ್ ದ್ರಾವಣ ತಯಾರಿಸಿ ಹಲವು ಸಲ ಇಂಜೆಕ್ಟ್ ಮಾಡಿ, ಪೀಕಿನ ವಿಸ್ತೀರ್ಣ ಪ್ರತಿ ಸಲವೂ ಹತ್ತಿರಹತ್ತಿರ ಬರುತ್ತದೆಯೇ ನೋಡಿ.